ಮಡಿಯ ಮನೆಯಲ್ಲಿ ಹಿಮ್ಮಡಿ

ಪಾದರಕ್ಷೆಯ ವಿಷಯದಲ್ಲಿ ನಮ್ಮ ಜನ ಎರಡು ತುದಿಗಳಲ್ಲಿ ನಿಂತವರು. ಒಂದು ತುದಿಯಲ್ಲಿ ರಾಮನ ಪಾದುಕೆ ಸಿಂಹಾಸನವನ್ನೇರಿ ಹದಿನಾಲ್ಕು ವರ್ಷ ರಾಜ್ಯವಾಳಿತು. ಕಲ್ಯಾಣದ ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನವರಿಗೆ ಜೋಡು ಹೊಲಿದರೆಂಬ ಕಥೆಯನ್ನು ನಾವು ಕಣ್ಣು ತೇವ ಮಾಡಿಕೊಂಡು ಕೇಳುತ್ತೇವೆ. ಇನ್ನೊಂದು ತುದಿಯಲ್ಲಿ ಕೆರ, ಎಕ್ಕಡ, ಮೆಟ್ಟು ಎಂಬ ಮಾತುಗಳು ನಾಲಗೆಗೆ ಬರುವುದು ಹೆಚ್ಚಾಗಿ ಜಗಳದ ಹೊತ್ತಿನಲ್ಲಿ. ತಲೆಯ ಮೇಲಿಟ್ಟು ಪೂಜಿಸುವುದಕ್ಕೂ ಕೈಯಲ್ಲೆತ್ತಿ ಹೊಡೆಯುವುದಕ್ಕೂ ನಡುವೆ, ಅದನ್ನು ಕಾಲಿಗೆ ಹಾಕಿಕೊಂಡು ನಡೆಯುವುದೆಂಬ ಮೂರನೆಯದೊಂದು ಉಪಯೋಗವೂ ಉಂಟು. ಅದನ್ನು ಕುರಿತು ನಾವು ಅಷ್ಟಾಗಿ ಯೋಚಿಸಿದವರಲ್ಲ. ಹಿಮ್ಮಡಿ ನೋಯತೊಡಗಿದ ದಿನ ಆ ಯೋಚನೆ ಬರುತ್ತದೆ. ಇಂದಿನ ನನ್ನ ಮಾತು ಆ ನೋವನ್ನೂ ಅದಕ್ಕೊಪ್ಪುವ ಪಾದರಕ್ಷೆಯ ಆಯ್ಕೆಯನ್ನೂ ಕುರಿತದ್ದು.

ಈ ನೋವಿನ ಸ್ವಭಾವ ವಿಚಿತ್ರವಾದುದು. ರಾತ್ರಿ ಸುಖವಾಗಿ ನಿದ್ರಿಸಿದವರು ಬೆಳಗ್ಗೆ ಎದ್ದು ಕಾಲನ್ನು ನೆಲಕ್ಕಿಟ್ಟೊಡನೆ ಹಿಮ್ಮಡಿಯ ಅಡಿಯಲ್ಲಿ ಮುಳ್ಳು ಚುಚ್ಚಿದಂತಾಗುತ್ತದೆ. ಗೋಡೆ ಹಿಡಿದು ಹತ್ತಾರು ಹೆಜ್ಜೆ ಕುಂಟಿದ ಮೇಲೆ ಅದು ಸಡಿಲುತ್ತದೆ. ಬಹಳ ಹೊತ್ತು ಕುಳಿತು ಎದ್ದರೆ ಮತ್ತೆ ಬರುತ್ತದೆ. ದಿನವೆಲ್ಲ ನಿಂತರೆ ಸಂಜೆಗೆ ಹೆಚ್ಚುತ್ತದೆ. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ವಾತಕಂಟಕವೆಂಬ ವ್ಯಾಧಿಯ ಪ್ರಸ್ತಾಪವಿದೆ. ಹೆಜ್ಜೆಯನ್ನು ಏರುಪೇರಾಗಿ ಇಡುವುದೇ ಅದಕ್ಕೆ ಕಾರಣವೆಂದು ಅಲ್ಲಿ ಹೇಳಿದೆ. ಕಂಟಕವೆಂದರೆ ಮುಳ್ಳು ತಾನೆ? ಈಗಿನ ವೈದ್ಯರು ಹಿಮ್ಮಡಿ ನೋವಿನ ಅತಿ ಸಾಮಾನ್ಯ ಬಗೆಯನ್ನು ಪ್ಲಾಂಟರ್ ಫ್ಯಾಸಿಯೈಟಿಸ್ ಎಂದು ಕರೆಯುತ್ತಾರೆ. ಎಕ್ಸ್-ರೇ ತೆಗೆಸಿದರೆ ಹಿಮ್ಮಡಿಯ ಮೂಳೆಯಿಂದ ಮುಂಚಾಚಿದ ಒಂದು ಕೊಕ್ಕು ಕೆಲವರಲ್ಲಿ ಕಾಣಿಸುತ್ತದೆ. ಮುಳ್ಳು ಸಿಕ್ಕಿತೆಂದು ಅವರು ಹೆದರುತ್ತಾರೆ. ಹೆದರಬೇಕಾಗಿಲ್ಲ. ಅಂಥ ಕೊಕ್ಕಿದ್ದೂ ನೋವೇ ಇಲ್ಲದವರು ಅನೇಕರಿದ್ದಾರೆ, ಕೊಕ್ಕಿಲ್ಲದೆಯೂ ನರಳುವವರಿದ್ದಾರೆ. ಚಿತ್ರದಲ್ಲಿ ಕಾಣುವ ಮುಳ್ಳೇ ಚುಚ್ಚುವ ಮುಳ್ಳೆಂದು ಹೇಳಲಾಗದು.

ಹಾಗಾದರೆ ನೋಯುವುದು ಏನು? ಒಂದೊಂದು ಪಾದದಲ್ಲಿ 26 ಮೂಳೆಗಳಿವೆ. ಅವು ಬಿಲ್ಲಿನಂತೆ ಬಾಗಿ ನಿಂತಿವೆ. ಬಿಲ್ಲಿಗೆ ಹೆದೆಯಿರುವಂತೆ, ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಒಂದು ಗಟ್ಟಿ ನಾರಿನ ಪಟ್ಟಿ ಬಿಗಿದುಕೊಂಡಿದೆ. ನಡೆಯುವಾಗ ಹಿಮ್ಮಡಿ ಮೇಲೆದ್ದು ಬೆರಳುಗಳು ಬಾಗಿದಾಗ, ಬಾವಿಯ ರಾಟೆಗೆ ಹಗ್ಗ ಸುತ್ತಿಕೊಳ್ಳುವಂತೆ ಈ ಪಟ್ಟಿ ಬೆರಳ ಬುಡಕ್ಕೆ ಸುತ್ತಿ ಬಿಗಿಯುತ್ತದೆ. ಪಾದದ ಕಮಾನು ಮೇಲೇಳುತ್ತದೆ. ಮೆತ್ತಗಿದ್ದ ಪಾದ ನೆಲವನ್ನು ಒದ್ದು ಮುಂದಕ್ಕೆ ಸಾಗುವಷ್ಟು ಗಟ್ಟಿಯಾಗುತ್ತದೆ. ಈ ಏರ್ಪಾಟನ್ನು ಇಂಗ್ಲೆಂಡಿನ ಹಿಕ್ಸ್ ಎಂಬ ವೈದ್ಯರು 1954ರಲ್ಲಿ ವಿವರಿಸಿದರು. ಪ್ರತಿ ಹೆಜ್ಜೆಗೂ ಎಳೆತಕ್ಕೆ ಸಿಕ್ಕುವ ಈ ಪಟ್ಟಿ ಹಿಮ್ಮಡಿಯ ಮೂಳೆಗೆ ಅಂಟಿಕೊಂಡಿರುವ ಕಡೆ ಸವೆದು ಬಳಲುತ್ತದೆ. ರಾತ್ರಿ ಪಾದ ಕೆಳಕ್ಕೆ ಜೋತು ಪಟ್ಟಿ ಮುದುಡಿಕೊಂಡಿರುತ್ತದೆ. ಬೆಳಗಿನ ಮೊದಲ ಹೆಜ್ಜೆ ಅದನ್ನು ಥಟ್ಟನೆ ಎಳೆಯುತ್ತದೆ. ಜೊತೆಗೆ ಹಿಮ್ಮಡಿಯ ಮೂಳೆಯಡಿಯಲ್ಲಿ, ಜೇನುಗೂಡಿನ ಕೋಶಗಳಂಥ ಪುಟ್ಟ ಪುಟ್ಟ ಕೋಣೆಗಳಲ್ಲಿ ಕೊಬ್ಬನ್ನು ತುಂಬಿದ ಒಂದು ಸಹಜವಾದ ದಿಂಬಿದೆ. ವಯಸ್ಸು ಏರಿದಂತೆ ಆ ದಿಂಬಿನ ಪುಟಿತ ತಗ್ಗುತ್ತದೆ.

ಬರಿಗಾಲಿನಲ್ಲಿ ಹೊಲ ಉತ್ತವರು ನಮ್ಮ ಹಿರಿಯರಲ್ಲವೇ, ಅವರಿಗಿಲ್ಲದ ನೋವು ನಮಗೇಕೆ ಎಂದು ನೀವು ಕೇಳಬಹುದು. ಬರಿಗಾಲಿನ ಮೇಲೆ ಮಾತ್ರ ತಪ್ಪು ಹೊರಿಸುವುದು ನ್ಯಾಯವಲ್ಲ. ಅವರ ಕಾಲಡಿಯಲ್ಲಿ ಇದ್ದದ್ದು ಮಣ್ಣು. ಕಾಲು ಅದರಲ್ಲಿ ಇಳಿಯುತ್ತಿತ್ತು. ಒಂದು ಹೆಜ್ಜೆಯಂತೆ ಇನ್ನೊಂದು ಹೆಜ್ಜೆ ಬೀಳುತ್ತಿರಲಿಲ್ಲ. ಮನೆಯೊಳಗೂ ಸಗಣಿ ಸಾರಿಸಿದ ಮಣ್ಣಿನ ನೆಲವೇ ಇತ್ತು. ಅದಕ್ಕಿಂತ ಮುಖ್ಯವಾದ ಮಾತೊಂದುಂಟು: ಅಡಿಗೆಮನೆಯ ಕೆಲಸದ ಬಹುಭಾಗ ನಡೆಯುತ್ತಿದ್ದುದು ಕುಳಿತುಕೊಂಡು. ಈಳಿಗೆಮಣೆ, ಒರಳುಕಲ್ಲು, ಬೀಸುವ ಕಲ್ಲು, ನೆಲದ ಒಲೆ, ಇವೆಲ್ಲ ಕುಳಿತವರ ಸಾಮಗ್ರಿಗಳು. ಗ್ಯಾಸಿನ ಒಲೆ ಬಂತು, ಅಡಿಗೆಯ ಕಟ್ಟೆ ಬಂತು. ಗೃಹಿಣಿ ಎದ್ದು ನಿಂತಳು. ಹೊಗೆಯಿಂದ ಬಿಡುಗಡೆಯಾದದ್ದು ದೊಡ್ಡ ಸಂಗತಿ, ಅದನ್ನು ಹಳಿಯುವಂತಿಲ್ಲ. ಆದರೆ ಅವಳು ಎದ್ದು ನಿಂತ ಕಾಲದಲ್ಲಿಯೇ ಅವಳ ಕಾಲಡಿಯ ನೆಲವೂ ಗಟ್ಟಿಯಾಯಿತು. ಮಣ್ಣು ಹೋಗಿ ಶಹಾಬಾದಿನ ಕಲ್ಲು ಬಂತು, ಮೊಸಾಯಿಕ್ ಬಂತು, ಗ್ರಾನೈಟ್ ಬಂತು, ಕನ್ನಡಿಯಂತೆ ಹೊಳೆಯುವ ವಿಟ್ರಿಫೈಡ್ ಟೈಲ್ಸ್ ಬಂದವು. ಎಲ್ಲವೂ ಬದಲಾದುವು. ಚಪ್ಪಲಿಯನ್ನು ಹೊಸ್ತಿಲಾಚೆ ಬಿಡುವ ಪದ್ಧತಿಯೊಂದು ಹಾಗೆಯೇ ಉಳಿಯಿತು.

ಹೀಗೆ ಒಂದು ವಿಪರ್ಯಾಸ ಹುಟ್ಟಿಕೊಂಡಿದೆ. ದಿನಕ್ಕೊಂದು ಗಂಟೆ ಬೀದಿಗೆ ಹೋಗಿಬರುವುದಕ್ಕೆ ನಾವು ಅಂಗಡಿ ಅಂಗಡಿ ಅಲೆದು ಜೋಡು ಕೊಳ್ಳುತ್ತೇವೆ. ಐದಾರು ಗಂಟೆ ಕಲ್ಲಿನ ಮೇಲೆ ನಿಲ್ಲುವುದಕ್ಕೆ ಏನನ್ನೂ ಕೊಳ್ಳುವುದಿಲ್ಲ. ನೋವು ಅತಿಶಯವಾಗಿರುವ ಬೆಳಗಿನ ಮೊದಲ ಹೆಜ್ಜೆಗಳೇ ಬರಿಗಾಲಿನ ಹೆಜ್ಜೆಗಳು. ಮಡಿಗೂ ಹಿಮ್ಮಡಿಗೂ ಅರ್ಥದಲ್ಲಿ ನಂಟಿಲ್ಲ. ಆದರೆ ನಮ್ಮ ಮನೆಗಳಲ್ಲಿ ಒಂದರ ಸಲುವಾಗಿ ಇನ್ನೊಂದು ನವೆಯುತ್ತಿದೆ. ಹಿಮ್ಮಡಿ ನೋಯುವವರು ಮೊದಲು ಆರಿಸಬೇಕಾದದ್ದು ಹೊರಗಿನ ಚಪ್ಪಲಿಯನ್ನಲ್ಲ, ಹೊಸ್ತಿಲ ಒಳಗಿನ ಚಪ್ಪಲಿಯನ್ನು. ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇಷ್ಟೇ.

ಇದರಿಂದ ಆಚಾರಕ್ಕೆ ಭಂಗವುಂಟಾಗದು. ಚಪ್ಪಲಿಯನ್ನು ಹೊರಗೆ ಬಿಡುವ ಪದ್ಧತಿಯ ತಿರುಳು ಬೀದಿಯ ಕೊಳೆ ಒಳಗೆ ಬರಬಾರದೆಂಬುದು. ಮನೆಯೊಳಗಿನದು ಎಂದೂ ಹೊಸ್ತಿಲು ದಾಟದ ಬೇರೆಯದೇ ಜೊತೆ. ತೊಳೆಯಲು ಬರುವ ರಬ್ಬರಿನದು. ಚರ್ಮದ ಸೋಂಕು ಬೇಡವೆನ್ನುವವರಿಗೂ ಅಡ್ಡಿಯಿಲ್ಲ. ದೇವರ ಕೋಣೆಯ ಮುಂದೆ ಅದನ್ನು ಕಳಚಿದರಾಯಿತು. ಪಾದರಕ್ಷೆ ಧರಿಸುವುದು ಪಾದಗಳಿಗೂ ಕಣ್ಣಿಗೂ ಹಿತವೆಂದು ಚರಕ ಸಂಹಿತೆಯೇ ಹೇಳುತ್ತದೆ.

ಇನ್ನು ಅದು ಹೇಗಿರಬೇಕು? ಈ ಪ್ರಶ್ನೆಗೆ ಒಳ್ಳೆಯ ಉತ್ತರವೊಂದು ನಮ್ಮ ನೆರೆಯ ವೆಲ್ಲೂರಿನಲ್ಲಿ ದೊರೆಯಿತು. 1914ರಲ್ಲಿ ತಮಿಳುನಾಡಿನ ಕೊಲ್ಲಿ ಮಲೆಯಲ್ಲಿ ಹುಟ್ಟಿದ ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರು 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದರು. ಕುಷ್ಠದಿಂದ ಪಾದಗಳ ಸಂವೇದನೆ ಕಳೆದುಕೊಂಡವರ ಅಂಗಾಲಿನಲ್ಲಿ ಹುಣ್ಣುಗಳಾಗುವುದೇಕೆಂದು ಅವರು ಪರಿಶೀಲಿಸಿದರು. ನೋವು ತಿಳಿಯದ ಕಾಲು ಒಂದೇ ಜಾಗವನ್ನು ಮತ್ತೆ ಮತ್ತೆ ಊರಿ ತನ್ನನ್ನೇ ಹಾಳುಮಾಡಿಕೊಳ್ಳುತ್ತಿತ್ತು. ಅಂಥವರಿಗಾಗಿ ಬ್ರ್ಯಾಂಡ್ ಮತ್ತು ಅವರ ಸಂಗಡಿಗರು ಮೈಕ್ರೋಸೆಲ್ಯುಲರ್ ರಬ್ಬರಿನ ಚಪ್ಪಲಿಗಳನ್ನು ರೂಢಿಗೆ ತಂದರು. ಸೂಕ್ಷ್ಮವಾದ ಗಾಳಿಗುಳ್ಳೆಗಳು ತುಂಬಿದ ಈ ರಬ್ಬರು ತೂಕವನ್ನು ಒಂದೆಡೆ ನಿಲ್ಲಗೊಡದೆ ಹರಡುತ್ತದೆ. ಅದರ ಕೆಳಗೆ ಗಟ್ಟಿಯಾದ ಹೊರ ಅಟ್ಟೆ, ಹಿಂದೆ ಹಿಮ್ಮಡಿ ಹಿಡಿಯುವ ಪಟ್ಟಿ, ಮೊಳೆಗಳಿಲ್ಲ. ಎಂ.ಸಿ.ಆರ್. ಚಪ್ಪಲಿಯೆಂಬ ಹೆಸರಿನಿಂದ ಇದು ಈಗ ನಮ್ಮ ಪೇಟೆಗಳಲ್ಲಿ ದೊರೆಯುತ್ತದೆ. ನೋವಿನ ಅರಿವಿಲ್ಲದವರಿಗಾಗಿ ಬಂದದ್ದು ನೋವಿನಿಂದ ನರಳುವವರಿಗೂ ಒದಗಿತು. 1993ರಲ್ಲಿ ಬ್ರ್ಯಾಂಡ್ ನೋವನ್ನು ಕುರಿತೇ ಒಂದು ಪುಸ್ತಕ ಬರೆದರು. ಅದರಲ್ಲಿ ಅವರು ನೋವನ್ನು ಯಾರೂ ಬೇಡದ ಉಡುಗೊರೆಯೆಂದು ಕರೆದಿದ್ದಾರೆ.

ಒಳಗೆ ಮೃದು, ಕೆಳಗೆ ಗಟ್ಟಿ ಎಂಬ ಈ ಸೂತ್ರ ಮನೆಯ ಚಪ್ಪಲಿಗೂ ಸಲ್ಲುತ್ತದೆ, ಹೊರಗಿನದಕ್ಕೂ ಸಲ್ಲುತ್ತದೆ. ಅಂಗಡಿಯಲ್ಲಿ ಕೆಲವು ಸಣ್ಣ ಪರೀಕ್ಷೆಗಳನ್ನು ನೀವೇ ಮಾಡಿ ನೋಡಬಹುದು. ಹಿಮ್ಮಡಿ ಊರುವ ಜಾಗವನ್ನು ಹೆಬ್ಬೆರಳಿನಿಂದ ಒತ್ತಿರಿ. ಅದು ತಗ್ಗಿ ಮತ್ತೆ ಮೇಲೇಳಬೇಕು. ತಗ್ಗದಿದ್ದರೆ ಕಲ್ಲು, ತಗ್ಗಿ ಏಳದಿದ್ದರೆ ಕೆಸರು. ಎರಡೂ ಬೇಡ. ಬಳಿಕ ಜೋಡನ್ನು ಎರಡೂ ಕೈಗಳಿಂದ ಹಿಡಿದು ಬಾಗಿಸಿರಿ. ಬೆರಳುಗಳ ಬುಡದಲ್ಲಿ ಅದು ಬಾಗಬೇಕು, ಏಕೆಂದರೆ ಪಾದ ಬಾಗುವುದು ಅಲ್ಲಿ. ನಟ್ಟನಡುವೆ ಮಡಚಿಕೊಂಡರೆ ಕಮಾನಿಗೆ ಅದರಿಂದ ಆಸರೆಯಿಲ್ಲ. ಒದ್ದೆ ಬಟ್ಟೆಯಂತೆ ಹಿಂಡಿ ನೋಡಿರಿ; ಸುಲಭವಾಗಿ ತಿರುಚಿಕೊಳ್ಳುವುದನ್ನು ಅಲ್ಲಿಯೇ ಬಿಟ್ಟುಬನ್ನಿರಿ. ಬೂಟಾದರೆ ಹಿಮ್ಮಡಿಯ ಹಿಂಭಾಗ ಒತ್ತಿದಾಗ ಕುಸಿಯಬಾರದು. ಚಪ್ಪಲಿಯಾದರೆ ಹಿಂದೊಂದು ಪಟ್ಟಿಯಿರುವುದು ಲೇಸು. ಹೆಬ್ಬೆರಳ ಸಂದಿನಲ್ಲಷ್ಟೇ ಸಿಕ್ಕಿಸಿಕೊಳ್ಳುವ ತೆಳು ಹವಾಯಿ ಚಪ್ಪಲಿ ಜಾರದಂತೆ ಬೆರಳುಗಳು ಪ್ರತಿ ಹೆಜ್ಜೆಗೂ ಅದನ್ನು ಕಚ್ಚಿ ಹಿಡಿಯಬೇಕಾಗುತ್ತದೆ.

ಎತ್ತರದ ಮಾತು. ತೀರ ಚಪ್ಪಟೆಯಾದ ಜೋಡು ನೋಯುವ ಪಟ್ಟಿಯನ್ನು ಎಳೆಯುತ್ತದೆ. ಎತ್ತರದ ಹಿಮ್ಮಡಿಯ ಜೋಡು ಮೀನಖಂಡವನ್ನು ಕುಗ್ಗಿಸಿ, ಕಳಚಿದ ಮೇಲೆ ಅದೇ ಎಳೆತವನ್ನು ಹೆಚ್ಚಿಸುತ್ತದೆ. ಮುಂಭಾಗಕ್ಕಿಂತ ಹಿಂಭಾಗ ಒಂದೆರಡು ಸೆಂಟಿಮೀಟರ್ ಎತ್ತರವಿದ್ದರೆ ಸಾಕು. ಬೆಳಗಾವಿ ಜಿಲ್ಲೆಯ ನಿಪ್ಪಾಣಿ, ಅಥಣಿಗಳ ಕುಶಲಿಗಳು ಹೊಲಿಯುವ ಕೊಲ್ಲಾಪುರಿ ಚಪ್ಪಲಿ ನಮ್ಮ ಹೆಮ್ಮೆಯ ವಸ್ತು. 2019ರಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೂ ಅದರ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಆದರೆ ಅದು ಚಪ್ಪಟೆ, ಅದರ ಅಟ್ಟೆ ಗಟ್ಟಿ. ಅದನ್ನು ಬಿಡಲಾರದವರು ಬೀದಿಯಂಚಿನ ಚಮ್ಮಾರರಿಂದ ಹಿಮ್ಮಡಿಯ ಜಾಗಕ್ಕೆ ಮೃದು ರಬ್ಬರಿನ ತುಂಡೊಂದನ್ನು ಅಂಟಿಸಿಕೊಳ್ಳಬಹುದು. ಬೂಟಿನೊಳಗೆ ಇಡುವ ಸಿದ್ಧವಾದ ಮೆತ್ತೆಗಳೂ ಸಿಗುತ್ತವೆ. ಅಳತೆ ಕೊಟ್ಟು ಮಾಡಿಸುವ ದುಬಾರಿ ಮೆತ್ತೆಗಳು ಈ ಸಾಧಾರಣ ನೋವಿಗೆ ಅವಕ್ಕಿಂತ ಬಹಳ ಮೇಲೆಂಬುದಕ್ಕೆ ಬಲವಾದ ಆಧಾರವಿಲ್ಲ. ಮೊದಲು ಅಗ್ಗದ್ದನ್ನೇ ಪರೀಕ್ಷಿಸುವುದು ವಿವೇಕ. ಮೈಯೆಲ್ಲ ಮೊಳಕೆಯೊಡೆದಂಥ ಗುಬುಟುಗಳಿರುವ ಚಪ್ಪಲಿಗಳು ತೂಕವನ್ನು ಹರಡುವ ಬದಲು ಚುಕ್ಕೆ ಚುಕ್ಕೆಯಾಗಿ ಒತ್ತುತ್ತವೆ. ನೋಯುವ ಹಿಮ್ಮಡಿಗೆ ಅವು ಆಸರೆಯಾಗಲಾರವು.

ಕೊಳ್ಳುವುದಕ್ಕೆ ಸಂಜೆಯ ಹೊತ್ತು ಒಳ್ಳೆಯದು, ದಿನವಿಡೀ ನಡೆದ ಕಾಲು ಆಗ ತುಸು ಊದಿರುತ್ತದೆ. ಎರಡೂ ಕಾಲಿಗೆ ಹಾಕಿ, ಎದ್ದು ನಿಂತು, ನಡೆದು ನೋಡಬೇಕು. ಉದ್ದದ ಬೆರಳಿನ ಮುಂದೆ ಹೆಬ್ಬೆರಳ ಅಗಲದಷ್ಟು ಜಾಗವಿರಬೇಕು. ಮನೆಯಲ್ಲಿರುವ ಹಳೆಯ ಜೋಡನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ಕಣ್ಣಾಯಿಸಿರಿ. ಅದು ಒಂದು ಮಗ್ಗುಲಿಗೆ ವಾಲಿದ್ದರೆ ಅದನ್ನು ಹಾಕಿಕೊಂಡವರ ಹಿಮ್ಮಡಿಯೂ ವಾಲಿಯೇ ನಡೆಯುತ್ತಿರುತ್ತದೆ.

ಪಾದರಕ್ಷೆ ಒಂದರಿಂದಲೇ ಎಲ್ಲ ಗುಣವಾಗುವುದಿಲ್ಲ. ಬೆಳಗ್ಗೆ ಕಾಲನ್ನು ನೆಲಕ್ಕಿಡುವ ಮುನ್ನ, ಹಾಸಿಗೆಯಲ್ಲಿಯೇ ಕುಳಿತು ಟವೆಲನ್ನು ಪಾದದ ಮುಂಭಾಗಕ್ಕೆ ಸುತ್ತಿ, ಮೆಲ್ಲನೆ ತಮ್ಮ ಕಡೆಗೆ ಎಳೆದು, ಇಪ್ಪತ್ತೆಣಿಸುವಷ್ಟು ಹೊತ್ತು ಹಿಡಿದು ಬಿಡಬೇಕು. ಹೀಗೆ ನಾಲ್ಕಾರು ಸಲ. ಆಮೇಲೆ ಮಂಚದ ಬಳಿಯ ಚಪ್ಪಲಿಗೆ ಕಾಲು ಸೇರಿಸಿ ಏಳಬೇಕು. ಹೆಚ್ಚಿನವರ ನೋವು ಶಸ್ತ್ರಚಿಕಿತ್ಸೆಯಿಲ್ಲದೆ ವರ್ಷದೊಳಗೆ ಶಮನವಾಗುತ್ತದೆ. ವಾರದೊಳಗೆ ಆಗದೆಂದು ಧೈರ್ಯಗೆಡಬಾರದು. ಆದರೆ ಕಾಲು ಜೋಮುಹಿಡಿದರೆ, ಊದಿ ಕೆಂಪೇರಿ ಜ್ವರ ಬಂದರೆ, ಮಲಗಿದಾಗಲೂ ನೋವು ಬಿಡದಿದ್ದರೆ, ಎತ್ತರದಿಂದ ಬಿದ್ದು ನೋವು ಬಂದಿದ್ದರೆ ಚಪ್ಪಲಿಯಂಗಡಿಗಲ್ಲ, ವೈದ್ಯರಲ್ಲಿಗೆ ಹೋಗಬೇಕು. ಸಿಹಿಮೂತ್ರ ರೋಗವುಳ್ಳವರು ಮನೆಯೊಳಗೂ ಬರಿಗಾಲಿನಲ್ಲಿರಬಾರದು.

ಕೊನೆಯದಾಗಿ ಒಂದು ಮಾತು. ನಿಲ್ಲುವುದೇ ವೃತ್ತಿಯಾದವರ ಕಷ್ಟವನ್ನು ಸಮಾಜ ಈಗೀಗ ಗಮನಿಸತೊಡಗಿದೆ. ಅಂಗಡಿಗಳಲ್ಲಿ ದುಡಿಯುವವರಿಗೆ ಕುಳಿತುಕೊಳ್ಳುವ ಹಕ್ಕನ್ನು ಕೇರಳ 2018ರಲ್ಲಿಯೂ ತಮಿಳುನಾಡು 2021ರಲ್ಲಿಯೂ ಕಾನೂನಿನ ಮೂಲಕ ಕೊಟ್ಟವು. ಅಡಿಗೆಮನೆಗೆ ಅಂಥ ಕಾನೂನು ಬರಲಾರದು. ಮನೆಮಂದಿಗೆಲ್ಲ ಹಬ್ಬಕ್ಕೆ ಜೋಡು ಕೊಳ್ಳುವಾಗ ತನಗಿನ್ನೂ ಹಳೆಯದೇ ಇದೆ ಎನ್ನುವ ತಾಯಿ, ಹಿಮ್ಮಡಿ ನೋವನ್ನು ಯಾರಿಗೂ ಹೇಳದೆ ಒಂಟಿಕಾಲಿನ ಮೇಲೆ ಭಾರ ಹಾಕಿ ದೋಸೆ ಹುಯ್ಯುತ್ತಿರುತ್ತಾಳೆ. ಅದೇ ಮನೆಗೆ ಕೆಲಸಕ್ಕೆ ಬರುವ ಹೆಂಗಸು ತನ್ನ ಚಪ್ಪಲಿಯನ್ನು ಹೊರಗೆ ಬಿಟ್ಟು ದಿನಕ್ಕೆ ಮೂರೋ ನಾಲ್ಕೋ ಮನೆಗಳ ಕಲ್ಲಿನ ಮೇಲೆ, ಅದೂ ಒದ್ದೆಯಾದ ಕಲ್ಲಿನ ಮೇಲೆ, ಬರಿಗಾಲಿನಲ್ಲಿ ನಿಲ್ಲುತ್ತಾಳೆ. ಅವಳ ಹಿಮ್ಮಡಿಯಲ್ಲಿಯೂ ಅದೇ ಪಟ್ಟಿ, ಅದೇ ದಿಂಬು. ಈ ಸಲ ಚಪ್ಪಲಿಯಂಗಡಿಗೆ ಹೋದವರು ಜಾರದ ಅಟ್ಟೆಯ, ತೊಳೆಯಲು ಬರುವ ಎರಡು ಜೊತೆಗಳನ್ನು ಹೆಚ್ಚಾಗಿ ತನ್ನಿರಿ. ಅಳತೆಯನ್ನು ಅವರವರಿಂದಲೇ ಕೇಳಿಕೊಂಡು ಹೋಗಿರಿ. ಹಾಗೆ ಕೇಳುವಾಗ, ಕಾಲು ನೋಯುತ್ತದೆಯೇ ಎಂದೂ ಒಂದು ಮಾತು ಕೇಳಿರಿ.