ಹಳೆಯ ಜೀಪಿಗೆ ಇನ್ನೊಂದು ಜೀಪಿನ ಭಾಗ

(ಬೆಟ್ಟಂಪಾಡಿಯಲ್ಲಿ ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ದನದ ಡಾಕ್ಟರು ಬಂದು ಜೀಪಿನ ವಿಷಯ ಮಾತಾಡುತ್ತಾರಲ್ಲ ಎಂದು ನೀವು ನಗಬಹುದು. ಆದರೆ ಗುಡ್ಡದ ಮೇಲಿನ ಮನೆಗಳಿಂದ ಮಳೆಗಾಲದಲ್ಲಿ ಹಾಲಿನ ಕ್ಯಾನು ಡಾಮರು ರಸ್ತೆ ಮುಟ್ಟಬೇಕಾದರೆ ಹಳೆಯ ಫೋರ್ ವೀಲ್ ಜೀಪೇ ಗತಿ. ಕರು ಅಡ್ಡ ಸಿಕ್ಕಿ ಒದ್ದಾಡುವ ಹಸುವಿನ ಬಳಿಗೆ ನಾನು ತಲುಪುವುದೂ ಅಂಥ ಜೀಪಿನಲ್ಲಿಯೇ. ಕರೆದ ಹಾಲು ತಂಪು ಮಾಡುವ ಟ್ಯಾಂಕು ಸೇರುವವರೆಗೆ ಅದರಲ್ಲಿ ಸೂಕ್ಷ್ಮಾಣುಗಳು ಹೆಚ್ಚುತ್ತಲೇ ಇರುತ್ತವೆ. ಗಾಡಿ ದಾರಿಯಲ್ಲಿ ನಿಂತರೆ ಹುಳಿಯಾಗುವುದು ನಿಮ್ಮ ಹಾಲು.

ಈ ಗಾಡಿಗಳಿಗೆ ಹೊಸ ಸಾಮಾನು ಸಿಗುವುದು ಕಷ್ಟ. ಆದ್ದರಿಂದ ಕೆಲವರು ಅಂಥದೇ ಒಂದು ಗುಜರಿ ಜೀಪನ್ನು ತಂದು ಹಟ್ಟಿಯ ಪಕ್ಕದಲ್ಲಿ ನಿಲ್ಲಿಸಿಕೊಂಡು, ಅದರ ಭಾಗ ಬಿಚ್ಚಿ ಇದಕ್ಕೆ ಹಾಕುತ್ತಾರೆ. ಉಪಾಯ ಒಳ್ಳೆಯದೇ. ಆದರೆ ಒಂದೇ ಬಣ್ಣದ ಎರಡು ಹಸು ಒಂದೇ ತಳಿಯಾಗಬೇಕೆಂದಿಲ್ಲವಲ್ಲ? ಮಹೀಂದ್ರದ ಸಿ.ಜೆ. 500 ಡಿ, 1980ರ ದಶಕದ ಎಂ.ಎಂ. 540, ಎರಡೂ ವಿಲ್ಲಿಸ್ ಜೀಪಿನ ವಂಶದವೇ. ಮುಖ ನೋಡಿದರೆ ಅಣ್ಣತಮ್ಮಂದಿರು. ಆದರೆ ಎಂ.ಎಂ. 540ರಲ್ಲಿ ಇರುವುದು 2112 ಸಿ.ಸಿ.ಯ ಪ್ಯೂಜೊ ಡೀಸೆಲ್ ಎಂಜಿನ್, ಇನ್ನೊಂದರದ್ದು ಬೇರೆ. ಗೇರ್‌ಬಾಕ್ಸ್ ಬದಲಾಗಿ ಉದ್ದ ಹೆಚ್ಚುಕಡಿಮೆಯಾದರೆ ಪ್ರೊಪೆಲ್ಲರ್ ಶಾಫ್ಟಿನ ಅಳತೆಯೂ ತಪ್ಪುತ್ತದೆ.

ಎಲ್ಲಕ್ಕಿಂತ ಮೋಸ ಮಾಡುವುದು ಹಿಂದಿನ ಹೌಸಿಂಗ್. ಬೋಲ್ಟು ಕೂರುತ್ತದೆ, ಗಾಡಿ ಓಡುತ್ತದೆ, ಆದರೆ ಒಳಗಿನ ಹಲ್ಲಿನ ಲೆಕ್ಕ ಬೇರೆ ಇರಬಹುದು. ಕ್ರೌನಿಗೆ 43, ಪಿನಿಯನ್‌ಗೆ 8 ಹಲ್ಲಿದ್ದರೆ ಅನುಪಾತ 5.38. ಕ್ರೌನಿಗೆ 39 ಇದ್ದರೆ 4.88. ಮುಂದೆ ಒಂದು, ಹಿಂದೆ ಇನ್ನೊಂದು ಆದರೆ ಫೋರ್ ವೀಲ್ ಹಾಕಿದಾಗ ಮುಂದಿನ ಚಕ್ರ ಹಿಂದಿನದಕ್ಕಿಂತ ಸುಮಾರು ನೂರಕ್ಕೆ ಹತ್ತರಷ್ಟು ಬೇರೆ ವೇಗದಲ್ಲಿ ತಿರುಗಬೇಕೆನ್ನುತ್ತದೆ. ನೂರು ಮೀಟರು ಹೋಗುವಷ್ಟರಲ್ಲಿ ಹತ್ತು ಮೀಟರಿನ ಜಗ್ಗಾಟ! ಕೆಸರಿನಲ್ಲಿ ಟೈರು ಜಾರಿ ಆ ಜಗ್ಗಾಟ ಕಳೆದುಹೋಗುವುದರಿಂದ ಮಳೆಗಾಲದಲ್ಲಿ ಗೊತ್ತೇ ಆಗುವುದಿಲ್ಲ. ಗಟ್ಟಿ ನೆಲಕ್ಕೆ ಬಂದ ಮೇಲೆ ಲಿವರ್ ಕಚ್ಚಿಕೊಳ್ಳುತ್ತದೆ, ಟೈರು ಸವೆಯುತ್ತದೆ, ಕೊನೆಗೆ ಏರಿನ ನಡುವೆ ಎಲ್ಲಿಯೋ ಒಂದು ಕಡೆ ಮುರಿಯುತ್ತದೆ. ಹಿಂದೆ ಮುಂದೆ ಬೇರೆ ಬೇರೆ ಅಳತೆಯ ಟೈರು ಹಾಕಿದರೂ ಇದೇ ಗತಿ. ಹೊಂದುವ ಗಾಡಿಯಲ್ಲೂ ಡಾಮರು ರಸ್ತೆಗೆ ಬಂದ ಕೂಡಲೇ ಫೋರ್ ವೀಲ್ ತೆಗೆಯಿರಿ.

ಬಿಚ್ಚದೆಯೇ ನೋಡುವ ದಾರಿಯಿದೆ. ಸಮತಟ್ಟು ನೆಲದಲ್ಲಿ ಎಂಜಿನ್ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ. ಗೇರು ನ್ಯೂಟ್ರಲ್, ಫೋರ್ ವೀಲ್ ಲಿವರ್ ತೆಗೆದಿರಲಿ, ಹ್ಯಾಂಡ್ ಬ್ರೇಕ್ ಸಡಿಲಿರಲಿ. ಹಿಂದಿನ ಒಂದೇ ಚಕ್ರ ಎತ್ತಿ, ಜಾಕನ್ನು ಮಾತ್ರ ನಂಬದೆ ಗಟ್ಟಿ ಆಧಾರ ಇಡಿ. ಚಕ್ರಕ್ಕೂ ಪ್ರೊಪೆಲ್ಲರ್ ಶಾಫ್ಟಿಗೂ ಸೀಮೆಸುಣ್ಣದ ಗುರುತು ಹಾಕಿ. ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿದಾಗ ಶಾಫ್ಟು ಐದು ಸುತ್ತು ದಾಟಿ ಇನ್ನೂ ಮೂರನೇ ಒಂದು ಸುತ್ತಿಗಿಂತ ತುಸು ಹೆಚ್ಚು ತಿರುಗಿದರೆ 5.38, ಐದಕ್ಕೆ ಸ್ವಲ್ಪ ಮೊದಲೇ ನಿಂತರೆ 4.88. ಗುಜರಿ ಜೀಪಿನದ್ದನ್ನೂ ಹೀಗೆಯೇ ಎಣಿಸಿ, ನಂತರ ದುಡ್ಡು ಕೊಡಿ. ಕ್ರೌನ್ ಪಿನಿಯನ್ ಜೋಡಿಯಾಗಿಯೇ ಬರಬೇಕು. ಒಂದನ್ನು ಮಾತ್ರ ತೆಗೆದು ಇನ್ನೊಂದಕ್ಕೆ ಸೇರಿಸಿದರೆ ಊಳಿಟ್ಟು ಸವೆಯುತ್ತದೆ.

ಬಾಗಿಲು, ಬಂಪರ್, ಸೀಟು, ಪಟ್ಟಿ ಇವೆಲ್ಲ ಹೇಗೂ ನಡೆಯುತ್ತವೆ. ಬ್ರೇಕಿನ ಹೋಸು, ರಬ್ಬರು, ಲೈನಿಂಗ್ ಮಾತ್ರ ಹಳೆಯದು ಬೇಡವೇ ಬೇಡ. ಕ್ಯಾನು ತುಂಬಿಕೊಂಡು ಗುಡ್ಡ ಇಳಿಯುವ ಗಾಡಿ ಅದು. ಕೆಲವು ಹಳೆಯ ಜೀಪುಗಳಲ್ಲಿ ಎಡಗಡೆಯ ಚಕ್ರದ ನಟ್ಟು ತಿರುವುಮುರುವು ಥ್ರೆಡ್ಡಿನದು, ಬಲ ಹಾಕಿ ಮುರಿಯಬೇಡಿ. ಸೇನೆಯ ಹರಾಜಿನಿಂದ ಬಂದ ಗಾಡಿಯಾದರೆ ಸ್ಟಾರ್ಟರ್, ಬಲ್ಬು 24 ವೋಲ್ಟಿನದಿರಬಹುದು, ನೋಡಿಕೊಳ್ಳಿ.

ಎಂಜಿನ್ ಬದಲಿಸುವ ಯೋಚನೆಯಿದ್ದರೆ ಮೊದಲು ಪುತ್ತೂರಿನ ಆರ್.ಟಿ.ಒ. ಕಚೇರಿಯಲ್ಲಿ ವಿಚಾರಿಸಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇಂಥ ಮಾರ್ಪಾಡಿಗೆ ಸಂಬಂಧಿಸಿದ್ದು. ಆರ್.ಸಿ.ಯಲ್ಲಿ ಒಂದು ನಂಬರು, ಎಂಜಿನ್ ಮೇಲೆ ಇನ್ನೊಂದು ಇದ್ದರೆ ಅಪಘಾತವಾದ ದಿನ ವಿಮೆಯವರು ಅದನ್ನೇ ಮೊದಲು ಕೇಳುತ್ತಾರೆ. ಗುಜರಿ ಜೀಪಿನ ಕಾಗದಪತ್ರವನ್ನೂ ಮಾರಿದವರಿಂದ ಕೇಳಿ ಪಡೆದುಕೊಳ್ಳಿ.