ಒಬ್ಬಳೇ ಬರ್ಲಿನ್‌ಗೆ
(ಮಹಿಳಾ ವೇದಿಕೆಯ ಕಾರ್ಯಕ್ರಮದಲ್ಲಿ ಆಡಿದ ಮಾತುಗಳ ಬರಹರೂಪ)



ನನಗೆ ಕೊಟ್ಟಿರುವ ವಿಷಯ "ಕಡಿಮೆ ಖರ್ಚಿನಲ್ಲಿ ಯುರೋಪ್". ಲೆಕ್ಕ ಖಂಡಿತ ಹೇಳ್ತೇನೆ. ಐಟಿಯವಳು ನಾನು, ಎಕ್ಸೆಲ್ ಶೀಟ್ ಇಲ್ಲದೆ ತರಕಾರಿ ತರೋಕೂ ಹೋಗೋಳಲ್ಲ. ಆದರೆ 2024ರ ಸೆಪ್ಟೆಂಬರಿನಲ್ಲಿ ಆರು ದಿನ ಬರ್ಲಿನ್‌ಗೆ ಹೋಗಿ ಬಂದ ಮೇಲೆ "ಎಷ್ಟಾಯ್ತು" ಅಂತ ಕೇಳಿದವರು ಕಡಿಮೆ. "ಒಬ್ಬಳೇನಾ?" ಅಂತ ಕೇಳಿದವರೇ ಎಲ್ಲ.

ಟಿಕೆಟ್ ಬುಕ್ ಮಾಡಿದ ದಿನ ಊರಿಂದ ಅಮ್ಮ ಫೋನ್ ಮಾಡಿದ್ದಳು. ವಿಷಯ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ದನಿ ತಗ್ಗಿಸಿ, "ಅಳಿಯಂದಿರ ಜೊತೆ ಏನಾದ್ರೂ ಮಾತು ಬಂತೇನೇ?" ಅಂದಳು. ಮದುವೆಯಾಗಿ ಹತ್ತು ವರ್ಷವಾದ, ಎಂಟು ವರ್ಷದ ಮಗಳಿರುವ ಹೆಂಗಸು ಒಬ್ಬಳೇ ಹೊರಟಳು ಅಂದ್ರೆ ಮನೆಯಲ್ಲಿ ಜಗಳವೇ ಆಗಿರಬೇಕು! ನನ್ನ ಗಂಡ ಆಫೀಸಿನ ಕೆಲಸಕ್ಕೆ ಎಷ್ಟೋ ಸಲ ಒಬ್ಬರೇ ಹೋಗಿದ್ದಾರೆ, ಒಂದು ಸಲ ಗೆಳೆಯರ ಜೊತೆ ಲಡಾಖ್‌ಗೂ ಹೋಗಿದ್ದಾರೆ. ಆಗ ಯಾರಿಗೂ ಈ ಅನುಮಾನ ಬಂದಿರಲಿಲ್ಲ. ನಮ್ಮ ಅತ್ತೆ ಮಾತ್ರ ಏನೂ ಕೇಳದೆ ಅರ್ಧ ಕೇಜಿ ಚಟ್ನಿಪುಡಿ ಕಟ್ಟಿ ಕಳಿಸಿದರು. ಅವರಿಗೆ ಈ ಸಭೆಯಿಂದ ಒಂದು ನಮಸ್ಕಾರ.

ಈಗ ಲೆಕ್ಕ. ವಿಮಾನ, ಒಂದು ಕಡೆ ಬದಲಾಯಿಸಿಕೊಂಡು ಹೋಗಿ ಬರಲು, 46 ಸಾವಿರ. ಷೆಂಗೆನ್ ವೀಸಾ ಶುಲ್ಕ 90 ಯೂರೋ. ಅದರ ಮೇಲಿನ ಸೇವಾ ಶುಲ್ಕ, 30 ಸಾವಿರ ಯೂರೋ ರಕ್ಷಣೆಯ ಕಡ್ಡಾಯ ವಿಮೆ ಸೇರಿ ಸುಮಾರು 12 ಸಾವಿರ. ಹೆಂಗಸರಿಗಷ್ಟೇ ಮೀಸಲಾದ ಆರು ಮಂಚದ ಹಾಸ್ಟೆಲ್ ಕೋಣೆಯಲ್ಲಿ ರಾತ್ರಿಗೆ 28 ಯೂರೋ. ಏಳು ದಿನದ ಬಸ್-ರೈಲು ಪಾಸ್, ಊಟ, ಚಿಲ್ಲರೆ ಎಲ್ಲ ಸೇರಿ 87 ಸಾವಿರ. ಹಾಸ್ಟೆಲ್ಲಿನಲ್ಲಿ ಅಡುಗೆಮನೆ ಇತ್ತು, ಅತ್ತೆಯ ಚಟ್ನಿಪುಡಿ ಇತ್ತು, ಅಕ್ಕಿ ಮೊಸರು ಅಲ್ಲೇ ಸಿಗುತ್ತದೆ. ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ತಂದಿಟ್ಟುಕೊಳ್ಳಿ. ಪ್ಲಾಸ್ಟಿಕ್ ನೀರಿನ ಬಾಟಲಿ ಬಿಸಾಕಬೇಡಿ, ಅಂಗಡಿಯ ಯಂತ್ರಕ್ಕೆ ಹಾಕಿದರೆ 25 ಸೆಂಟ್ ವಾಪಸ್ ಬರುತ್ತದೆ. ಪಾಸ್ ತಗೊಳ್ಳುವಾಗ ನೋಡಿಕೊಳ್ಳಿ, ವಿಮಾನ ನಿಲ್ದಾಣ ಸಿ ವಲಯದಲ್ಲಿದೆ. ವೀಸಾಕ್ಕೆ ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಆಫೀಸಿನ ರಜೆ ಪತ್ರ ಕೊಟ್ಟೆ. ಯಾವ ಫಾರಮ್ಮಿನಲ್ಲೂ "ಗಂಡ ಯಾಕೆ ಬರ್ತಿಲ್ಲ" ಅನ್ನುವ ಕಾಲಂ ಇರಲಿಲ್ಲ.

ಬರ್ಲಿನ್ನಿನ ಮೆಟ್ರೋಗೆ ಗೇಟೇ ಇಲ್ಲ. ನಮ್ಮ ಹಾಗೆ ಬ್ಯಾಗ್ ಸ್ಕ್ಯಾನ್ ಇಲ್ಲ, ಪರದೆಯ ಹಿಂದೆ ತಪಾಸಣೆ ಇಲ್ಲ, ಹೆಂಗಸರ ಬೋಗಿ ಇಲ್ಲ. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ 60 ಯೂರೋ ದಂಡ, ಅಷ್ಟೇ. ಮೊದಲ ರಾತ್ರಿ ಹತ್ತು ಗಂಟೆಗೆ ನಿಲ್ದಾಣದಿಂದ ಹಾಸ್ಟೆಲ್ಲಿಗೆ ನಡೆಯುವಾಗ ನನ್ನ ಕೈ ನೋಡಿಕೊಂಡೆ. ಬೆರಳ ಸಂದಿಯಲ್ಲಿ ಬೀಗದ ಕೈ ಚೂಪು ಹೊರಗೆ ಬರುವ ಹಾಗೆ ಹಿಡಿದಿದ್ದೆ. ಇಲ್ಲಿ ಕುಳಿತಿರುವ ಎಷ್ಟು ಜನರಿಗೆ ಈ ಅಭ್ಯಾಸ ಗೊತ್ತು ಅಂತ ಕೈ ಎತ್ತಿಸುವುದಿಲ್ಲ, ಮುಖ ನೋಡಿದರೆ ತಿಳಿಯುತ್ತದೆ. ಬರ್ಲಿನ್ ಪೂರ್ತಿ ಸುರಕ್ಷಿತ, ದೆಹಲಿ ಕೆಟ್ಟದ್ದು ಅಂತ ಹೇಳೋಕೆ ನಾನು ಬಂದಿಲ್ಲ. ಅಲ್ಲೂ ನಾನು ಬೇಗ ದಾಟಿಬಿಟ್ಟ ನಿಲ್ದಾಣಗಳಿದ್ದವು. ಆದರೆ ನಾಲ್ಕನೇ ದಿನ ಬೀಗದ ಕೈ ಬ್ಯಾಗಿನ ತಳದಲ್ಲಿತ್ತು, ಅದನ್ನು ಹುಡುಕಬೇಕಾಯ್ತು.

ಬರ್ಲಿನ್ನೇ ಯಾಕೆ? ಪ್ಯಾರಿಸ್ ಅಂದಿದ್ದರೆ ಫೋಟೋ ಚೆನ್ನಾಗಿ ಬರ್ತಿತ್ತು ಅಂತ ಗೆಳತಿಯೊಬ್ಬಳು ಇವತ್ತಿಗೂ ಬೈತಾಳೆ. ಎರಡು ಕಾರಣ. ಒಂದು, ನೇಮಿಚಂದ್ರರ 'ಯಾದ್ ವಶೇಮ್' ಕಾದಂಬರಿ. ಎಚ್‌ಎಎಲ್‌ನಲ್ಲಿ ಇಂಜಿನಿಯರ್ ಆಗಿದ್ದುಕೊಂಡು ಯಹೂದಿಗಳ ಹತ್ಯಾಕಾಂಡದ ಬಗ್ಗೆ ಕನ್ನಡದಲ್ಲಿ ಬರೆದವರು ಅವರು. ಅದನ್ನು ಓದಿದ ಮೇಲೆ ಆ ಊರುಗಳು ಭೂಪಟದ ಚುಕ್ಕೆಗಳಾಗಿ ಉಳಿಯಲಿಲ್ಲ. ಎರಡು, ಆ ನಗರದಲ್ಲಿ ನಿಜವಾಗಿ ನೋಡಬೇಕಾದ ಬಹಳಷ್ಟಕ್ಕೆ ಟಿಕೆಟ್ ಇಲ್ಲ. ಸಂಸತ್ ಭವನದ ಗಾಜಿನ ಗುಮ್ಮಟಕ್ಕೂ ಮೊದಲೇ ಹೆಸರು ನೋಂದಾಯಿಸಿದರೆ ಸಾಕು, ಹಣ ಬೇಡ. ಅದು ಚೆನ್ನಾಗಿದೆ, ಒಂದು ಗಂಟೆ ಸಾಕು. ನಾನು ಹೇಳಬೇಕೆಂದಿರುವುದು ಬೇರೆ ಮೂರು ಜಾಗಗಳ ಬಗ್ಗೆ.

ಹುಂಬೋಲ್ಟ್ ವಿಶ್ವವಿದ್ಯಾಲಯದ ಎದುರಿಗೆ ಬೇಬೆಲ್‌ಪ್ಲಾಟ್ಸ್ ಅನ್ನುವ ಚೌಕ. 1933ರ ಮೇ 10ರ ರಾತ್ರಿ ನಾಜಿ ವಿದ್ಯಾರ್ಥಿಗಳು ಪುಸ್ತಕ ಸುಟ್ಟ ಜಾಗ. ಸ್ಮಾರಕ ಹುಡುಕಿದರೆ ಕಾಣುವುದಿಲ್ಲ. ನೆಲದಲ್ಲಿ ಒಂದು ಗಾಜು, ಬಗ್ಗಿ ನೋಡಿದರೆ ಕೆಳಗೆ ಬಿಳಿಯ ಕೋಣೆ, ಸುಮಾರು 20 ಸಾವಿರ ಪುಸ್ತಕ ಹಿಡಿಯುವಷ್ಟು ಖಾಲಿ ಕಪಾಟುಗಳು. ಅಷ್ಟೇ. ಬಸ್ಸಿಂದ ಇಳಿದ ಒಂದು ಪ್ರವಾಸಿ ತಂಡ ನಾಲ್ಕು ನಿಮಿಷ ನಿಂತು ಹೋಯಿತು. ನಾನು ಎಷ್ಟು ಹೊತ್ತು ಬೇಕೋ ಅಷ್ಟು ನಿಂತೆ. ಒಬ್ಬಳೇ ಹೋಗುವುದರ ಲಾಭ ಏನು ಅಂತ ಕೇಳುವವರಿಗೆ ನನ್ನ ಉತ್ತರ ಇದೇ.

ಎರಡನೆಯದು ಗ್ರೂನೆವಾಲ್ಡ್ ನಿಲ್ದಾಣದ 17ನೇ ಪ್ಲಾಟ್‌ಫಾರ್ಮ್. ಮರಗಳಿರುವ, ದೊಡ್ಡ ಬಂಗಲೆಗಳ ಶ್ರೀಮಂತ ಬಡಾವಣೆ ಅದು. ಬರ್ಲಿನ್ನಿನ ಯಹೂದಿಗಳನ್ನು ಇಲ್ಲಿಂದಲೂ ರೈಲು ಹತ್ತಿಸಿದರು. ಹಳಿಯ ಎರಡೂ ಬದಿಗೆ 186 ಉಕ್ಕಿನ ಫಲಕಗಳು, ರೈಲಿಗೊಂದು. ಮೊದಲ ಫಲಕದಲ್ಲಿ 18.10.1941, 1251 ಯಹೂದಿಗಳು, ಬರ್ಲಿನ್‌ನಿಂದ ಲೋಡ್ಜ್. ಕೊನೆಯದು 1945ರ ಮಾರ್ಚ್ ಅಂತ್ಯದ್ದು, 18 ಜನ. ಮುಂದಿನ ಮೇ ತಿಂಗಳಲ್ಲಿ ಯುದ್ಧವೇ ಮುಗಿಯಿತು. ಊರು ಬಾಂಬಿಗೆ ಪುಡಿಯಾಗುತ್ತಿದ್ದಾಗಲೂ 18 ಜನರ ಪಟ್ಟಿ ಮಾಡಿ, ಎಣಿಸಿ ಕಳಿಸಿದ್ದಾರೆ. ದಿನಾಂಕ, ಸಂಖ್ಯೆ, ಎಲ್ಲಿಂದ ಎಲ್ಲಿಗೆ: ನಾನು ದಿನಾ ಆಫೀಸಿನಲ್ಲಿ ಸರ್ವರ್ ಲಾಗ್ ಓದುವುದೂ ಇದೇ ರೀತಿ. ಯಾರೋ ಒಬ್ಬ ಶ್ರದ್ಧೆಯಿಂದ, ತಪ್ಪಿಲ್ಲದೆ ದಾಖಲೆ ಇಟ್ಟಿದ್ದಾನೆ. ನನ್ನಂಥ ಕೆಲಸದವನು. ಅಲ್ಲಿ ನನ್ನನ್ನು ಹೆದರಿಸಿದ್ದು ಅದು. ಹಳಿಯ ನಡುವೆ ಈಗ ಗಿಡ ಬೆಳೆದಿವೆ, ಕಡಿಯದೆ ಹಾಗೇ ಬಿಟ್ಟಿದ್ದಾರೆ.

ಮೂರನೆಯ ಜಾಗಕ್ಕೆ ಹೋಗೋ ಮೊದಲು ನಮ್ಮ ಬೆಂಗಳೂರಿಗೆ ಬರಬೇಕು. ಕೆಲಸ ಕಳೆದುಕೊಂಡು ಜರ್ಮನಿ ಬಿಟ್ಟಿದ್ದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, ಸಿ.ವಿ. ರಾಮನ್ ಕರೆದದ್ದಕ್ಕೆ 1935-36ರಲ್ಲಿ ಕೆಲವು ತಿಂಗಳು ಟಾಟಾ ಇನ್‌ಸ್ಟಿಟ್ಯೂಟಿನಲ್ಲಿದ್ದರು. ಅವರ ಸೋದರಳಿಯ ಆಟೋ ಕ್ಯೋನಿಗ್ಸ್‌ಬರ್ಗರ್, 1908ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ವಾಸ್ತುಶಿಲ್ಪಿ. ಯಹೂದಿ ಮೂಲದವರೆಂದು ಅವರಿಗೂ ಅಲ್ಲಿ ಕೆಲಸ ಹೋಯಿತು. ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ, 1939ರಲ್ಲಿ, ಅವರು ಮೈಸೂರು ಸರ್ಕಾರದ ವಾಸ್ತುಶಿಲ್ಪಿಯಾಗಿ ಬಂದರು. ನಾನು ಎಂಟೆಕ್ ಮಾಡಿದ್ದು ಆ ಟಾಟಾ ಇನ್‌ಸ್ಟಿಟ್ಯೂಟಿನಲ್ಲೇ, ಅಂದರೆ ಈಗಿನ ಐಐಎಸ್‌ಸಿಯಲ್ಲಿ. ಅಲ್ಲಿನ ಮೆಟಲರ್ಜಿ ಕಟ್ಟಡ ಅವರದು. ಎರಡು ವರ್ಷ ಅದರ ಮುಂದೆ ಸೈಕಲ್ ತುಳಿದಿದ್ದೇನೆ, ಯಾರು ಕಟ್ಟಿದ್ದು ಅಂತ ಯಾವ ಸೀನಿಯರ್ರೂ ಹೇಳಿರಲಿಲ್ಲ. ಪ್ರವಾಸಕ್ಕೆ ಓದಿಕೊಳ್ಳುವಾಗ ತಿಳಿಯಿತು.

ಹಾಗಾಗಿ ಒಂದು ದಿನ ಯು7 ರೈಲು ಹತ್ತಿ ಬ್ರಿಟ್ಸ್ ಅನ್ನುವ ಬಡಾವಣೆಗೆ ಹೋದೆ. ಬ್ರೂನೋ ಟೌಟ್ ಮತ್ತು ಮಾರ್ಟಿನ್ ವ್ಯಾಗ್ನರ್ 1925ರಲ್ಲಿ ಕಟ್ಟಲು ಶುರು ಮಾಡಿದ ಕುದುರೆ ಲಾಳದ ಆಕಾರದ ವಸತಿ, ನಡುವೆ ಒಂದು ಕೊಳ. ಸಾಧಾರಣ ಸಂಬಳದವರಿಗೂ ಗಾಳಿ ಬೆಳಕಿನ ಮನೆ ಸಿಗಬೇಕು ಎಂದು ಕಟ್ಟಿದ್ದು. ಈಗ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ, ಆದರೂ ಜನ ವಾಸ ಮಾಡುತ್ತಿದ್ದಾರೆ. ಪ್ರತಿ ಬಾಗಿಲಿಗೂ ಬೇರೆ ಬಣ್ಣ. ಒಬ್ಬ ಅಜ್ಜಿ ಕಿಟಕಿಯಿಂದ ಹಾಸಿಗೆ ಕೊಡವುತ್ತಿದ್ದರು. ಕ್ಯೋನಿಗ್ಸ್‌ಬರ್ಗರ್ ಬೆಳೆದದ್ದು, ಕಲಿತದ್ದು ಇಂಥ ಮನೆಗಳನ್ನು ಕಟ್ಟುತ್ತಿದ್ದ ಬರ್ಲಿನ್ನಿನಲ್ಲಿ.

ನನಗೆ ಆ ಲಾಳದಾಕಾರದ ಹುಲ್ಲಿನ ಮೇಲೆ ಕೂತಾಗ ನೆನಪಾದದ್ದು ಫರಿದಾಬಾದ್. ನಗಬೇಡಿ. ನಮ್ಮ ಮನೆ ಇರುವುದು ಎನ್‌ಐಟಿ ಭಾಗದಲ್ಲಿ. ಅಲ್ಲಿ ಹಾರ್ನು, ಧೂಳು ಬಿಟ್ಟು ಏನಿದೆ ಅಂತ ನೀವೂ ಕೇಳ್ತೀರಿ, ನಾನೂ ಕೇಳುತ್ತಿದ್ದೆ. ವಿಭಜನೆಯಲ್ಲಿ ವಾಯವ್ಯ ಗಡಿನಾಡಿನಿಂದ ಓಡಿಬಂದವರಿಗಾಗಿ ಕಟ್ಟಿದ ಊರು ಅದು. ಸ್ವಾತಂತ್ರ್ಯದ ನಂತರ ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾಗಿ ದೆಹಲಿಗೆ ಬಂದದ್ದು ಇದೇ ಕ್ಯೋನಿಗ್ಸ್‌ಬರ್ಗರ್. ಅವರು ಆ ಹುದ್ದೆಯಲ್ಲಿದ್ದ ವರ್ಷಗಳಲ್ಲೇ ಹೊಸ ಫರಿದಾಬಾದ್ ಎದ್ದಿತು. ಸ್ವಂತ ಊರಿಂದ ಹೊರದಬ್ಬಿಸಿಕೊಂಡವನು, ಇನ್ನೊಂದು ಕಡೆಯಿಂದ ಹೊರದಬ್ಬಿಸಿಕೊಂಡವರಿಗೆ ಮನೆ ಮಾಡುವ ಕೆಲಸಕ್ಕೆ ಕೂತ. ಆ ಊರಿನಲ್ಲಿ ನಿರಾಶ್ರಿತರೇ ತಮ್ಮ ಮನೆ ಕಟ್ಟಿಕೊಳ್ಳಬೇಕು, ಸಹಕಾರ ಸಂಘ ಮಾಡಿಕೊಳ್ಳಬೇಕು ಎಂದು ಓಡಾಡಿದವರು ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ.

ಕಮಲಾದೇವಿಯೂ ಬರ್ಲಿನ್‌ಗೆ ಹೋಗಿದ್ದರು. 1929ರಲ್ಲಿ, ಅಂತರರಾಷ್ಟ್ರೀಯ ಮಹಿಳಾ ಸಮ್ಮೇಳನಕ್ಕೆ, ಸರೋಜಿನಿ ನಾಯ್ಡು ಜೊತೆ. ಅಲ್ಲಿ ಎಲ್ಲ ದೇಶಗಳ ಬಾವುಟ ಇತ್ತು, ನಮ್ಮದು ಇರಲಿಲ್ಲ. ನಮ್ಮ ಹೆಂಗಸರು ತಮ್ಮ ಸೀರೆಗಳನ್ನೇ ಕತ್ತರಿಸಿ ಬಾವುಟ ಹೊಲಿದರು ಅನ್ನುವುದು ಪ್ರಸಿದ್ಧ ಕಥೆ. ಆಗ ಅವರಿಗೆ 26 ವರ್ಷ, ಮನೆಯಲ್ಲಿ ಚಿಕ್ಕ ಮಗ. ಅವರನ್ನೂ ಯಾರಾದರೂ "ಮಗನನ್ನು ಯಾರು ನೋಡ್ಕೊಳ್ತಾರೆ" ಅಂತ ಕೇಳಿರಬಹುದು, ಅಂತ ನನ್ನ ಊಹೆ.

ಯಾಕೆಂದರೆ ಬರ್ಲಿನ್ ಹಾಸ್ಟೆಲ್ಲಿನಲ್ಲೂ ಕೇಳಿದರು! ನನ್ನ ಕೆಳಗಿನ ಮಂಚದಲ್ಲಿ ಪೋಲೆಂಡಿನ ನಿವೃತ್ತ ಶಿಕ್ಷಕಿ, ಅರವತ್ತೆಂಟು ವರ್ಷ. "ಗಂಡ ಬಿಟ್ಟನಾ?" ಅಂದರು. ನಿಮ್ಮನ್ನು ಯಾರು ಬಿಟ್ಟರು ಅಂತ ನಾನೂ ಕೇಳಿದೆ. ಮೂವತ್ತು ವರ್ಷ ಯಾರೂ ಬಿಟ್ಟಿರಲಿಲ್ಲ, ಈಗ ಕೇಳುವವರಿಲ್ಲ ಅಂತ ನಕ್ಕರು. ಆಮೇಲೆ ಇಬ್ಬರೂ ಅನ್ನಕ್ಕೆ ಚಟ್ನಿಪುಡಿ ಕಲಸಿಕೊಂಡು ತಿಂದೆವು. ಅವರಿಗೆ ಖಾರ ಹೆಚ್ಚಾಯಿತು, ಮೊಸರು ಹಾಕಿಕೊಟ್ಟೆ.

ಮಗಳು ಆರು ದಿನವೂ ಸ್ಕೂಲಿಗೆ ಹೋದಳು. ಅಪ್ಪ ಕಟ್ಟಿದ ಡಬ್ಬಿಯಲ್ಲಿ ನಾಲ್ಕು ದಿನ ಬ್ರೆಡ್-ಜಾಮ್ ಇತ್ತಂತೆ, ಅವಳಿಗೆ ಅದೇ ಇಷ್ಟವಾಯಿತು. ಅಮ್ಮ ಈಗ, ಮುಂದಿನ ಸಲ ಹೋಗೋದಾದ್ರೆ ಮೊದಲೇ ಹೇಳು, ಕೊಬ್ಬರಿ ಮಿಠಾಯಿ ಮಾಡ್ತೀನಿ ಅಂತಾಳೆ.

ಖರ್ಚಿನ ಶೀಟನ್ನು ನಮ್ಮ ವಾಟ್ಸಾಪ್ ಗುಂಪಿಗೆ ಹಾಕ್ತೇನೆ. ವೀಸಾ ಕಾಗದಗಳ ಪಟ್ಟಿಯೂ ಅದರಲ್ಲಿದೆ. ಬರ್ಲಿನ್‌ಗೆ ಆಗದಿದ್ದವರು ಒಂದು ಭಾನುವಾರ ನೇರಳೆ ಮಾರ್ಗದ ಮೆಟ್ರೋ ಹತ್ತಿ ನೀಲಂ ಚೌಕಕ್ಕೆ ಬನ್ನಿ, ಎನ್‌ಐಟಿಯ ಹಳೆಯ ಬೀದಿಗಳನ್ನು ಸುತ್ತಿ ಬರೋಣ. ಮಧ್ಯಾಹ್ನದ ಊಟ ನಮ್ಮನೆಯಲ್ಲಿ. ಪ್ರಶ್ನೆಗಳಿದ್ದರೆ ಕೇಳಿ, "ಒಬ್ಬಳೇನಾ" ಅನ್ನೋದೊಂದು ಬಿಟ್ಟು.