ಹೆಣದ ಮುಂದಿನ ಬ್ಯಾಂಡು
(ಹಾಸ್ಟೆಲ್ ಗೆಳೆಯರ ಜೊತೆ ಆಡಿದ ಮಾತು)



ಹೋದ ಸಲ ಇಲ್ಲಿಗೆ ಬಂದಾಗ ಒಬ್ಬ ತಮ್ಮ ಕೇಳಿದ: 'ಸಾವಿಗೆ ಹಲಗೆ ಹೊಡೆಯೋದು ಬಿಡಿ ಅಂತೀರಿ, ನಿಮ್ಮ ಮೆರವಣಿಗೇಲಿ ಹಲಗೇನೇ ಮುಂದಿರುತ್ತಲ್ಲಣ್ಣ, ಇದೆಂಗೆ?' ನಮಗೆ ಥಟ್ಟನೆ ಉತ್ತರ ಹೊಳೀಲಿಲ್ಲ. ಅದಕ್ಕೇ ಇವತ್ತು ಅಮೆರಿಕಾದ ನ್ಯೂ ಆರ್ಲಿಯನ್ಸ್ ಊರಿನ ಸುದ್ದಿ ತಂದಿದ್ದೇವೆ. 1972ರಲ್ಲಿ ಬೊಂಬಾಯಿಯ ದಲಿತ ಹುಡುಗರು ಪ್ಯಾಂಥರ್ ಅನ್ನುವ ಹೆಸರು ಪಡೆದದ್ದು ಆ ದೇಶದ ಕಪ್ಪು ಜನರಿಂದ. ನೆಂಟಸ್ತಿಕೆ ಹಳೇದು.

1739ರಲ್ಲಿ ಸೌತ್ ಕೆರೊಲಿನಾದ ಗುಲಾಮರು ಡೋಲು ಬಾರಿಸುತ್ತ ದಂಗೆ ಎದ್ದರು. ಮರುವರ್ಷವೇ ಅಲ್ಲಿ ಗುಲಾಮರು ಡೋಲು ಮುಟ್ಟಬಾರದೆಂಬ ಕಾನೂನು ಬಂತು. ಒಂದು ಚರ್ಮದ ತುಂಡಿಗೆ ದಣಿಗಳು ಅಷ್ಟು ಹೆದರಿದ್ದರು! ನ್ಯೂ ಆರ್ಲಿಯನ್ಸಿನಲ್ಲಿ ಮಾತ್ರ ಭಾನುವಾರಗಳಂದು ಕಾಂಗೋ ಚೌಕದಲ್ಲಿ ಬಾರಿಸಿ ಕುಣಿಯಲು ಬಿಡುತ್ತಿದ್ದರು. 1865ರಲ್ಲಿ ಗುಲಾಮಗಿರಿ ಹೋಯಿತು, ಬಡತನ ಹೋಗಲಿಲ್ಲ. ವಿಮೆ ಕಂಪನಿಗಳು ಕಪ್ಪು ಜನರನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಅವರೇ ಚಿಲ್ಲರೆ ಕಾಸು ಕೂಡಿಸಿ ಸಂಘ ಕಟ್ಟಿಕೊಂಡರು. ಕಾಯಿಲೆಗೆ ವೈದ್ಯ, ಸತ್ತರೆ ಪೆಟ್ಟಿಗೆ, ಪೆಟ್ಟಿಗೆಯ ಮುಂದೆ ಬ್ಯಾಂಡು.

ಆ ಬ್ಯಾಂಡಿನ ದನಿ ಕೇಳಬೇಕು. ನಡೆಯುತ್ತ ನುಡಿಸುವ ವಾದ್ಯ ಅದು, ದೊಡ್ಡ ತಂತಿವಾದ್ಯ ಹೊರಲಾಗದು. ಹಾಗಾಗಿ ತಗ್ಗಿನ ಸ್ವರಕ್ಕೆ ಮೈಗೆಲ್ಲ ಹಾವಿನಂಗೆ ಸುತ್ತಿಕೊಳ್ಳುವ ಸೂಸಫೋನು. ದಪ್ಪ ಡೋಲಿನ ನೆತ್ತಿ ಮೇಲೊಂದು ಹಿತ್ತಾಳೆ ತಾಳ ಬಿಗಿದು, ಅಂಗಿ ನೇತುಹಾಕೋ ತಂತಿಯಿಂದಲೋ ಸ್ಕ್ರೂಡ್ರೈವರಿನಿಂದಲೋ ಅದನ್ನು ಬಡೀತಾರೆ. ಟ್ರಂಪೆಟ್ಟಿನವ ಒಂದು ದಾರಿ, ಟ್ರಾಂಬೋನಿನವ ಇನ್ನೊಂದು ದಾರಿ ಹಿಡಿದರೂ ಹಾಡು ಕೈಬಿಟ್ಟು ಹೋಗುವುದಿಲ್ಲ. ಮಸಣಕ್ಕೆ ಹೋಗುವಾಗ ಚಿಕ್ಕ ಡೋಲಿನ ಅಡಿಯ ತಂತಿ ಸಡಿಲಿಸುತ್ತಾರೆ, ದನಿ ಗಂಟಲು ಕಟ್ಟಿದಂತೆ ಬರುತ್ತದೆ. ಹೆಣ ಬೀಳ್ಕೊಟ್ಟ ಮೇಲೆ ತಂತಿ ಬಿಗೀತಾರೆ. ಆಮೇಲೆ ಬೀದಿಗೆ ಬೀದಿಯೇ ಹಿಂದೆ ಬಿದ್ದು ಕುಣಿಯುತ್ತದೆ. ಈ ಕುಣಿತದವರನ್ನ 'ಎರಡನೇ ಸಾಲು' ಅಂತಾರೆ.

ನಮ್ಮಲ್ಲಿ? ಗೌಡರ ಮನೇಲಿ ಸಾವಾದರೆ ನಮ್ಮಪ್ಪಂದಿರು ಹಲಗೆ ಕಾಯಿಸಿಕೊಂಡು ಮುಂದೆ ನಡೀಬೇಕಿತ್ತು. ಕೂಲಿ ಅಂತ ದೂರದಿಂದ ಎತ್ತಿ ಹಾಕಿದ ಒಂದಿಷ್ಟು ರಾಗಿ. ನಮ್ಮ ಕೇರಿಯ ಹೆಣ ಮಾತ್ರ ಆ ಬೀದೀಲಿ ಹೋಗೋ ಹಾಗಿರಲಿಲ್ಲ. ನಾವು ಬಿಡಿ ಅಂದದ್ದು ಆ ಬಿಟ್ಟಿ ಚಾಕರೀನ. ಹಲಗೆಯನ್ನಲ್ಲ ಕಣಪ್ಪ.

ಇನ್ನೊಂದು ಮಾತು, ಇದು ನಿಮಗೇ ಹೇಳೋದು. 1970ರ ಹೊತ್ತಿಗೆ ಆ ಊರಲ್ಲೂ ಬ್ಯಾಂಡಿನವರು ಮುದುಕರಾಗಿದ್ದರು, ಹುಡುಗರಿಗೆ ಬೇಕಿರಲಿಲ್ಲ. ಡ್ಯಾನಿ ಬಾರ್ಕರ್ ಎಂಬ ಬ್ಯಾಂಜೋ ವಾದಕ, ದೊಡ್ಡ ದೊಡ್ಡ ತಂಡಗಳಲ್ಲಿ ನುಡಿಸಿ ಊರಿಗೆ ವಾಪಸು ಬಂದಿದ್ದವರು, ಫೇರ್‌ವ್ಯೂ ಚರ್ಚಿನ ಆಸರೆಯಲ್ಲಿ ಓಣಿಯ ಹುಡುಗರನ್ನು ಕೂಡಿಸಿ ಬ್ಯಾಂಡು ಕಟ್ಟಿದರು. ತಾಲೀಮು ಒಬ್ಬ ಹುಡುಗನ ಮನೆಯ ಕಾರು ಶೆಡ್ಡಿನಲ್ಲಿ. 1977ರಲ್ಲಿ ಆ ಹುಡುಗರ ಸಾಲಿನಿಂದಲೇ ಡರ್ಟಿ ಡಜನ್ ಎಂಬ ತಂಡ ಎದ್ದು, ಹಳೇ ಮಟ್ಟಿಗೆ ಹೊಸ ಕಾಲದ ಹೆಜ್ಜೆ ಕೂಡಿಸಿತು.

ಕೊನೆಗಾಲಕ್ಕೆ ಬಾರ್ಕರ್ ಬೇಜಾರಾಗಿದ್ದರು. ಹೊಸಬರು ಸಾವಿನ ಮುಂದೆ ಗಾಂಭೀರ್ಯವಿಲ್ಲದೆ ನಡೀತಾರೆ, ನನಗೆ ಬ್ಯಾಂಡು ಬೇಡ ಎಂದಿದ್ದರಂತೆ. 1994ರಲ್ಲಿ ಅವರು ತೀರಿಕೊಂಡಾಗ ವಾದ್ಯಗಾರರು ಮನೆಯವರಿಗೆ ಮಾತು ಕೊಟ್ಟು ಒಪ್ಪಿಸಿ, ಶಿಸ್ತಾಗಿ ಸಾಲುಗಟ್ಟಿ, ನಿಧಾನದ ಹಾಡು ನುಡಿಸುತ್ತ ಅವರನ್ನು ಮಣ್ಣಿಗೆ ಒಯ್ದರು.